ಗಲ್ಫ್‌ನಲ್ಲಿ ಇಂಗ್ಲಿಷ್ ಟೀಚರ್ ಆಗಲು ಏನು ಓದಿರಬೇಕು, ಯಾವ ಕಾಗದ ಬೇಕು

ಗಲ್ಫ್‌ಗೆ ಹೋಗಿ ಇಂಗ್ಲಿಷ್ ಕಲಿಸಬೇಕು ಅಂತ ಮನಸ್ಸು ಮಾಡಿದವರು ಮೊದಲು ಕೇಳುವುದು "ಯಾವ ಕೋರ್ಸ್ ಮಾಡಲಿ?" ಅಂತ. ಕೋರ್ಸ್ ಮಾರುವವರ ಬಳಿ ಇದಕ್ಕೆ ಉತ್ತರ ರೆಡಿ ಇರುತ್ತದೆ: "120 ಗಂಟೆಯ ಆನ್‌ಲೈನ್ ಸರ್ಟಿಫಿಕೇಟ್, ಈ ವಾರ ಮಾತ್ರ ರಿಯಾಯಿತಿ." ದುಡ್ಡು ಕಟ್ಟಿ, ಸರ್ಟಿಫಿಕೇಟ್ ಪ್ರಿಂಟ್ ತೆಗೆದು, ಸಿಕ್ಕಸಿಕ್ಕ ಶಾಲೆಗೆಲ್ಲ ಬಯೋಡೇಟಾ ಕಳಿಸಿ, ಒಂದು ಉತ್ತರವೂ ಬರದೆ ಕೂತವರು ಬಹಳ ಜನ. ಅವರಿಗೆ ಪಾಠ ಮಾಡಲು ಬರುತ್ತಿತ್ತು. ಅರ್ಜಿ ಹಾಕಿದ ಜಾಗಕ್ಕೆ ಬೇಕಿದ್ದ ಅರ್ಹತೆ ಬೇರೆಯಾಗಿತ್ತು, ಅಷ್ಟೇ.

ಹಾಗಾಗಿ ಕೋರ್ಸ್ ಮಾತು ಸ್ವಲ್ಪ ಬದಿಗಿಡಿ. ಯಾವ ಥರದ ಶಾಲೆಗೆ ಹೋಗುತ್ತೀರಿ ಅನ್ನುವುದು ಮೊದಲು ತೀರ್ಮಾನವಾಗಲಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಭಾರತದ ಪಾಸ್‌ಪೋರ್ಟ್, ಇಲ್ಲಿನ ವಿಶ್ವವಿದ್ಯಾಲಯದ ಡಿಗ್ರಿ ಇಟ್ಟುಕೊಂಡು ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನೆಲ್ಲ ಬರೆದಿದ್ದೇನೆ.

ಹಂತ 1: ಯಾವ ಶಾಲೆ?

ಯುಎಇ, ಸೌದಿ ಅರೇಬಿಯಾ, ಒಮಾನ್, ಕತಾರ್, ಕುವೈತ್, ಬಹ್ರೇನ್. ಈ ಆರೂ ದೇಶಗಳಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಮುಖ್ಯವಾಗಿ ಮೂರು ಕಡೆ ಸಿಗುತ್ತದೆ.

ಮೊದಲನೆಯದು ಇಂಡಿಯನ್ ಸ್ಕೂಲ್‌ಗಳು. ಸಿಬಿಎಸ್‌ಇ ಪಠ್ಯಕ್ರಮದವೇ ಜಾಸ್ತಿ. ಇಲ್ಲಿ ನಮ್ಮ ಬಿ.ಎ., ಎಂ.ಎ., ಬಿ.ಎಡ್‌ಗೆ ನೇರ ಬೆಲೆ ಇದೆ. ಹುದ್ದೆಯ ಹೆಸರುಗಳೂ ಇಲ್ಲಿಯಂತೆಯೇ: ಪ್ರೈಮರಿಗೆ ಪಿಆರ್‌ಟಿ, ಹತ್ತನೇ ಕ್ಲಾಸ್‌ವರೆಗೆ ಟಿಜಿಟಿ, ಹನ್ನೊಂದು-ಹನ್ನೆರಡಕ್ಕೆ ಪಿಜಿಟಿ.

ಎರಡನೆಯದು ಬ್ರಿಟಿಷ್, ಅಮೆರಿಕನ್, ಐಬಿ ಪಠ್ಯಕ್ರಮದ ಇಂಟರ್‌ನ್ಯಾಷನಲ್ ಸ್ಕೂಲ್‌ಗಳು. ಇವು ಇಂಗ್ಲೆಂಡಿನ ಕ್ಯೂಟಿಎಸ್ (ಅಲ್ಲಿನ ಶಾಲೆಗಳಲ್ಲಿ ಕಲಿಸಲು ಕೊಡುವ ಟೀಚರ್ ಅರ್ಹತೆ) ಅಥವಾ ಅಮೆರಿಕದ ಯಾವುದಾದರೂ ರಾಜ್ಯದ ಟೀಚಿಂಗ್ ಲೈಸೆನ್ಸ್ ಇದ್ದವರನ್ನು ಮೊದಲು ನೋಡುತ್ತವೆ. ಅದರಲ್ಲೂ ಇಂಗ್ಲಿಷ್ ವಿಷಯಕ್ಕೆ, ಇಂಗ್ಲಿಷ್ ಮಾತೃಭಾಷೆಯ ದೇಶಗಳ ಪಾಸ್‌ಪೋರ್ಟ್ ಇದ್ದವರೇ ಬೇಕು ಅಂತ ಜಾಹೀರಾತಿನಲ್ಲೇ ಬರೆದಿರುತ್ತಾರೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಚೆನ್ನಾಗಿ ಕಲಿಸುವುದಕ್ಕೂ ಹುಟ್ಟಿದ ದೇಶಕ್ಕೂ ಸಂಬಂಧವಿಲ್ಲ. ಆದರೆ ಆ ಸಾಲು ಇದ್ದ ಕಡೆ ಅರ್ಜಿ ಹಾಕಿ ಸಮಯ ಕಳೆಯಬೇಡಿ. ಆ ಸಾಲು ಇಲ್ಲದ ಶಾಲೆಗಳೂ ಇವೆ. ಅವುಗಳಲ್ಲಿ ಅಸಿಸ್ಟೆಂಟ್ ಟೀಚರ್ ಆಗಿ ಸೇರಿ ಮೇಲೆ ಬಂದ ಭಾರತೀಯರೂ ಇದ್ದಾರೆ.

ಮೂರನೆಯದು ಕಾಲೇಜು, ವಿಶ್ವವಿದ್ಯಾಲಯಗಳ ಫೌಂಡೇಶನ್ ವಿಭಾಗ. ಡಿಗ್ರಿಗೆ ಸೇರುವ ಮುನ್ನ ಅಲ್ಲಿನ ಹುಡುಗರಿಗೆ ಇಂಗ್ಲಿಷ್ ಗಟ್ಟಿ ಮಾಡಿಸುವ ವರ್ಷ ಅದು. ಒಮಾನ್‌ನಲ್ಲಿ ಇದಕ್ಕೆ ಜನರಲ್ ಫೌಂಡೇಶನ್ ಪ್ರೋಗ್ರಾಂ ಅನ್ನುತ್ತಾರೆ, ಸೌದಿಯಲ್ಲಿ ಪ್ರಿಪರೇಟರಿ ಇಯರ್. ಎಂ.ಎ. ಇಂಗ್ಲಿಷ್ ಅಥವಾ ಇಂಗ್ಲಿಷ್ ಬೋಧನೆಯಲ್ಲೇ ಎಂ.ಎ. ಮಾಡಿ, ಕಾಲೇಜಿನಲ್ಲಿ ಕೆಲವು ವರ್ಷ ಪಾಠ ಮಾಡಿದವರಿಗೆ ಇದು ಒಳ್ಳೆಯ ಜಾಗ. ಒಮಾನ್‌ನ ಕಾಲೇಜುಗಳಲ್ಲಿ ಭಾರತೀಯ ಉಪನ್ಯಾಸಕರು ಮೊದಲಿನಿಂದಲೂ ಇದ್ದಾರೆ.

ಬಿ.ಎಡ್ ಆಗಿ ಎರಡು-ಮೂರು ವರ್ಷ ಶಾಲೆಯಲ್ಲಿ ಕೆಲಸ ಮಾಡಿದ್ದರೆ ಇಂಡಿಯನ್ ಸ್ಕೂಲ್‌ನಿಂದಲೇ ಶುರು ಮಾಡಿ. ಒಮ್ಮೆ ಅಲ್ಲಿ ನೆಲೆ ನಿಂತ ಮೇಲೆ ಬೇರೆ ಶಾಲೆಗೆ ಹೋಗುವುದು ಇಲ್ಲಿಂದ ನೇರ ಹೋಗುವುದಕ್ಕಿಂತ ಎಷ್ಟೋ ಸುಲಭ.

ಹಂತ 2: ನಿಮ್ಮ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿ

"ನಾನು ಡಿಗ್ರಿಯಲ್ಲಿ ಇಂಗ್ಲಿಷ್ ಓದಿದ್ದೇನೆ" ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇಂಗ್ಲಿಷ್ ಎರಡು ರೀತಿ ಬರುತ್ತದೆ. ಎಲ್ಲರೂ ಓದುವ ಭಾಷಾ ಪತ್ರಿಕೆ ಒಂದು. ಐಚ್ಛಿಕ ಇಂಗ್ಲಿಷ್, ಅಂದರೆ ಆಪ್ಷನಲ್ ಇಂಗ್ಲಿಷ್, ಇನ್ನೊಂದು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಂಡು ಭಾಷಾ ಪತ್ರಿಕೆಯಾಗಿ ಮಾತ್ರ ಇಂಗ್ಲಿಷ್ ಓದಿದ್ದರೆ, ಅಲ್ಲಿನ ಅಧಿಕಾರಿಗಳ ಕಣ್ಣಿಗೆ ನೀವು ಸಮಾಜ ವಿಜ್ಞಾನದ ಟೀಚರ್. ಶಾಲೆ ಒಪ್ಪಿದರೂ ಸರ್ಕಾರದ ಅನುಮತಿ ಸಿಗುವಾಗ ತೊಡಕಾಗುತ್ತದೆ.

ಐಚ್ಛಿಕ ಇಂಗ್ಲಿಷ್ ಇಲ್ಲದಿದ್ದರೆ ದಾರಿ ಒಂದೇ, ರೆಗ್ಯುಲರ್ ಆಗಿ ಎಂ.ಎ. ಇಂಗ್ಲಿಷ್ ಮಾಡುವುದು. ಬಿ.ಇ., ಬಿ.ಕಾಂ. ಮಾಡಿದವರೂ ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತೇವೆ, ಕಲಿಸಬಹುದಲ್ವಾ ಅಂತ ಕೇಳುತ್ತಾರೆ. ಕಲಿಸಬಹುದು. ಆದರೆ ಟಿಜಿಟಿ ಇಂಗ್ಲಿಷ್ ಹುದ್ದೆಗೆ ಆ ಡಿಗ್ರಿ ಹೊಂದುವುದಿಲ್ಲ.

ಬಿ.ಎಡ್ ಬಗ್ಗೆ ಎರಡು ಮಾತು. ಎನ್‌ಸಿಟಿಇ ಮಾನ್ಯತೆ ಇರುವ ಕಾಲೇಜಿನದ್ದೇ ಆಗಿರಬೇಕು. ಬೋಧನಾ ವಿಷಯಗಳಲ್ಲಿ ಇಂಗ್ಲಿಷ್ ಇದ್ದರೆ ಇನ್ನೂ ಒಳ್ಳೆಯದು. 2015ರಿಂದ ಈಚೆಗೆ ಬಿ.ಎಡ್ ಎರಡು ವರ್ಷದ್ದಾಗಿದೆ. ಅದಕ್ಕೂ ಮೊದಲು ಒಂದು ವರ್ಷದಲ್ಲಿ ಮುಗಿಸಿದವರಿಗೆ "ಒಂದೇ ವರ್ಷ ಯಾಕೆ?" ಅನ್ನುವ ಪ್ರಶ್ನೆ ಬರಬಹುದು. ಆಗಿನ ನಿಯಮವೇ ಹಾಗಿತ್ತು ಅಂತ ವಿಶ್ವವಿದ್ಯಾಲಯದಿಂದ ಒಂದು ಪತ್ರ ಬರೆಸಿಟ್ಟುಕೊಳ್ಳಿ.

ಇನ್ನು ದೂರ ಶಿಕ್ಷಣ. ಇದನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮಲ್ಲಿ ಯುಜಿಸಿ ಮಾನ್ಯತೆ ಇರುವ ದೂರ ಶಿಕ್ಷಣದ ಡಿಗ್ರಿ ಪೂರ್ತಿ ಸಿಂಧು. ಗಲ್ಫ್ ದೇಶಗಳ ಶಿಕ್ಷಣ ಇಲಾಖೆಗಳು ಮಾತ್ರ ಅದನ್ನು ಅನುಮಾನದಿಂದಲೇ ನೋಡುತ್ತವೆ. ತಮ್ಮ ಡಿಗ್ರಿಗೆ ಸಮಾನ ಅಂತ ಒಪ್ಪುವಾಗ ಅವು ಮೊದಲು ಕೇಳುವುದೇ ರೆಗ್ಯುಲರ್ರಾ ಅಂತ. ಕೆಲಸ ಬಿಡಲಾಗದೆ, ಮನೆ ನೋಡಿಕೊಂಡು, ರಾತ್ರಿ ಓದಿ ದೂರ ಶಿಕ್ಷಣದಲ್ಲಿ ಎಂ.ಎ. ಮಾಡಿದ ಎಷ್ಟೋ ಹೆಣ್ಣುಮಕ್ಕಳಿಗೆ ಈ ನಿಯಮ ಬಹಳ ನೋವು ಕೊಟ್ಟಿದೆ. ಅಂಥವರು ತಮ್ಮ ರೆಗ್ಯುಲರ್ ಬಿ.ಎ., ಬಿ.ಎಡ್ ಅನ್ನೇ ಮುಂದಿಟ್ಟು, ಆ ಮಟ್ಟದ ಹುದ್ದೆಗೆ ಅರ್ಜಿ ಹಾಕುವುದು ಮೇಲು. ಎಂ.ಎ. ಬಯೋಡೇಟಾದಲ್ಲಿ ಇರಲಿ. ಅದು ದೂರ ಶಿಕ್ಷಣದ್ದು ಅನ್ನುವುದನ್ನು ಮಾತ್ರ ಮುಚ್ಚಿಡಬೇಡಿ.

ಹಂತ 3: ಟೆಫಲ್, ಸೆಲ್ಟಾ ಬೇಕಾ?

ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಇಂಗ್ಲಿಷ್ ಕಲಿಸುವ ತರಬೇತಿಯ ಸರ್ಟಿಫಿಕೇಟ್‌ಗಳು ಇವು. ಇಂಡಿಯನ್ ಸ್ಕೂಲ್‌ಗೆ ಹೋಗುವವರಿಗೆ ಬೇಡ. ಬಿ.ಎಡ್ ಸಾಕು. ಆ ದುಡ್ಡನ್ನು ಅಟೆಸ್ಟೇಶನ್‌ಗೆ, ಅಂದರೆ ಸರ್ಟಿಫಿಕೇಟ್‌ಗಳು ಅಸಲಿ ಅಂತ ಸರ್ಕಾರದ ಸೀಲು ಹಾಕಿಸಲು, ಇಟ್ಟುಕೊಳ್ಳಿ.

ಕಾಲೇಜು, ಭಾಷಾ ಕೇಂದ್ರಗಳಿಗೆ ಹೋಗುವುದಾದರೆ ಮಾತ್ರ ಯೋಚಿಸಿ. ಆಗಲೂ ಸುಮ್ನೆ ಯಾವುದೋ ಆನ್‌ಲೈನ್ ಟೆಫಲ್ ಬೇಡ, ಕೇಂಬ್ರಿಜ್‌ನ ಸೆಲ್ಟಾ ಅಥವಾ ಟ್ರಿನಿಟಿ ಕಾಲೇಜ್ ಲಂಡನ್‌ನ ಸರ್ಟ್‌ಟಿಸಾಲ್ ಮಾಡಿ. ಸೆಲ್ಟಾದಲ್ಲಿ ಕನಿಷ್ಠ 120 ಗಂಟೆ ತರಬೇತಿ ಇರುತ್ತದೆ. ಅದರೊಳಗೇ ನಿಜವಾದ ವಿದ್ಯಾರ್ಥಿಗಳ ಮುಂದೆ 6 ಗಂಟೆ ಪಾಠ ಮಾಡಬೇಕು. ಹಿಂದೆ ಕೂತ ಟ್ಯೂಟರ್ ಪ್ರತಿ ಪಾಠವನ್ನೂ ನೋಡಿ ತಿದ್ದುತ್ತಾರೆ. ನೇಮಕ ಮಾಡುವವರು ಬೆಲೆ ಕೊಡುವುದು ಈ 6 ಗಂಟೆಗೇ. ಪೂರ್ತಿ ಸಮಯ ಕೊಟ್ಟರೆ ನಾಲ್ಕೈದು ವಾರದಲ್ಲಿ ಮುಗಿಯುತ್ತದೆ. ಈಗ ಪೂರ್ತಿ ಆನ್‌ಲೈನ್‌ನಲ್ಲೂ ಮಾಡಬಹುದು, ಅಲ್ಲೂ ಪಾಠ ಮಾಡಿ ತೋರಿಸಲೇಬೇಕು.

ಬ್ರಿಟಿಷ್ ಶಾಲೆಯ ಮೇಲೆ ಕಣ್ಣಿಟ್ಟವರಿಗೆ ಐಕ್ಯೂಟಿಎಸ್ ಅನ್ನುವ ದಾರಿ ಇದೆ. ಇಂಗ್ಲೆಂಡಿಗೆ ಹೋಗದೆಯೇ ಕ್ಯೂಟಿಎಸ್‌ಗೆ ಸಮನಾದ ಅರ್ಹತೆ ಪಡೆಯುವ ಕೋರ್ಸ್ ಅದು. ಪಿಜಿಸಿಇ-ಐ ಅಂತ ಇನ್ನೊಂದಿದೆ. ಓದಿಗೆ ಒಳ್ಳೆಯದೇ, ಆದರೆ ಅದರಿಂದ ಕ್ಯೂಟಿಎಸ್ ಸಿಗುವುದಿಲ್ಲ. ಫೀಸು ಕಟ್ಟುವ ಮೊದಲು ಈ ವ್ಯತ್ಯಾಸ ಗೊತ್ತಿರಲಿ.

ಹಂತ 4: ಐಇಎಲ್‌ಟಿಎಸ್

ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಪರೀಕ್ಷೆ ಇದು. ಎಲ್ಲ ಶಾಲೆಗಳೂ ಕೇಳುವುದಿಲ್ಲ. ಕೇಳಿದರೆ ಅಕಾಡೆಮಿಕ್ ಬರೆಯಿರಿ, ಜನರಲ್ ಟ್ರೈನಿಂಗ್ ಬೇಡ. ಇಂಗ್ಲಿಷ್ ಟೀಚರ್‌ಗೆ 9ರಲ್ಲಿ 7 ಬ್ಯಾಂಡ್ ಆದರೂ ಇರಲಿ. ಸ್ಕೋರ್ ಎರಡು ವರ್ಷ ಮಾತ್ರ ನಡೆಯುತ್ತದೆ, ಆದ್ದರಿಂದ ತುಂಬಾ ಮುಂಚೆ ಬರೆದಿಟ್ಟುಕೊಂಡರೆ ವ್ಯರ್ಥ. ನಮ್ಮವರು ಎಡವುವುದು ಹೆಚ್ಚಾಗಿ ರೈಟಿಂಗ್‌ನಲ್ಲಿ. ಪರೀಕ್ಷೆಗೆ ಮುನ್ನ ಒಂದು ತಿಂಗಳು ಗಡಿಯಾರ ಇಟ್ಟುಕೊಂಡು ಬರೆದು ಅಭ್ಯಾಸ ಮಾಡಿ.

ಹಂತ 5: ಅನುಭವದ ಪತ್ರ

ಎರಡು ವರ್ಷದ ಅನುಭವ ಅನ್ನುವುದು ಹೆಚ್ಚಿನ ಜಾಹೀರಾತುಗಳಲ್ಲಿ ಇರುತ್ತದೆ. ಟ್ಯೂಷನ್ ಕೊಟ್ಟದ್ದು, ಆನ್‌ಲೈನ್ ಆ್ಯಪ್‌ನಲ್ಲಿ ಕಲಿಸಿದ್ದು ಲೆಕ್ಕಕ್ಕೆ ಬರುವುದು ಕಷ್ಟ. ಮಾನ್ಯತೆ ಇರುವ ಶಾಲೆಯಲ್ಲಿ ಪೂರ್ಣಾವಧಿ ಕೆಲಸವೇ ಆಗಬೇಕು. ಬಿ.ಎಡ್ ಮುಗಿದ ಮೇಲಿನ ಅನುಭವವನ್ನೇ ಎಣಿಸುವ ಶಾಲೆಗಳೂ ಇವೆ.

ಪತ್ರ ಶಾಲೆಯ ಲೆಟರ್‌ಹೆಡ್‌ನಲ್ಲಿರಲಿ. ಸೇರಿದ ದಿನ, ಬಿಟ್ಟ ದಿನ, ಕಲಿಸಿದ ವಿಷಯ, ತರಗತಿ, ಮುಖ್ಯಸ್ಥರ ಸಹಿ, ಸೀಲು, ಫೋನ್ ನಂಬರ್ ಇಷ್ಟೂ ಬೇಕು. "ಒಳ್ಳೆಯ ನಡತೆಯವರು, ಶುಭವಾಗಲಿ" ಅನ್ನುವ ಎರಡು ಸಾಲಿನ ಪತ್ರ ಏನಕ್ಕೂ ಬಾರದು. ಸಂಬಳ ಕೈಗೆ ನಗದಾಗಿ ಬರುತ್ತಿದ್ದರೆ ಇವತ್ತೇ ಬ್ಯಾಂಕಿಗೆ ಹಾಕುವಂತೆ ಕೇಳಿ. ನಾಳೆ ಯಾರಾದರೂ ಪುರಾವೆ ಕೇಳಿದರೆ ಪಾಸ್‌ಬುಕ್ ತೋರಿಸಬಹುದು.

ಹಂತ 6: ಕಾಗದಪತ್ರ

ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲಿ. ಇಂಟರ್‌ವ್ಯೂ ಗೆದ್ದವರು ಕಾಗದದಲ್ಲಿ ಸೋಲುತ್ತಾರೆ. ಶಾಲೆ ಏಪ್ರಿಲ್‌ಗೆ ಬನ್ನಿ ಅನ್ನುತ್ತದೆ, ಡಿಗ್ರಿ ಸರ್ಟಿಫಿಕೇಟ್ ಕೈಗೆ ಸಿಗುವುದು ಜೂನ್‌ಗೆ. ಆದ್ದರಿಂದ ಕೆಲಸ ಹುಡುಕುವುದಕ್ಕೆ ಮೊದಲೇ ಇದನ್ನು ಶುರು ಮಾಡಿ.

ಮೊದಲು ಹೆಸರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ "ಸುಮಾ ಕೆ. ಆರ್." ಡಿಗ್ರಿಯಲ್ಲಿ "ಕೆ. ಆರ್. ಸುಮಾ." ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಪೂರ್ತಿ ಬಂದಿದೆ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು ಸೇರಿದೆ. ನಮಗೆ ಇದೆಲ್ಲ ಒಬ್ಬರೇ ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಇನಿಷಿಯಲ್ ಅನ್ನುವ ಪದ್ಧತಿಯೇ ಇಲ್ಲದ ದೇಶದ ಗುಮಾಸ್ತರಿಗೆ ಇವರು ನಾಲ್ಕು ಜನ. ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿ, ಹೆಸರು ಮತ್ತು ಹುಟ್ಟಿದ ದಿನಾಂಕ ಅಕ್ಷರ ಅಕ್ಷರ ಹೋಲಿಸಿ ನೋಡಿ. ತಿದ್ದಿಸಬಹುದಾದದ್ದನ್ನು ತಿದ್ದಿಸಿ. ಆಗದಿದ್ದರೆ ಈ ಹೆಸರುಗಳೆಲ್ಲ ಒಬ್ಬರದೇ ಅಂತ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ಅದನ್ನೂ ಈಗಲೇ ತುಂಬಿಸಿಕೊಳ್ಳುವುದು ಒಳ್ಳೆಯದು.

ಆಮೇಲೆ ಡಿಗ್ರಿ. ಪ್ರೊವಿಷನಲ್ ಸರ್ಟಿಫಿಕೇಟ್ ನಡೆಯುವುದಿಲ್ಲ, ಘಟಿಕೋತ್ಸವದ ಮೂಲ ಪ್ರಮಾಣಪತ್ರವೇ ಬೇಕು. ಇನ್ನೂ ತೆಗೆದುಕೊಂಡಿಲ್ಲದಿದ್ದರೆ ವಿಶ್ವವಿದ್ಯಾಲಯಕ್ಕೆ ಇವತ್ತೇ ಅರ್ಜಿ ಹಾಕಿ. ದಯವಿಟ್ಟು ಅದನ್ನು ಲ್ಯಾಮಿನೇಟ್ ಮಾಡಿಸಬೇಡಿ. ಅಟೆಸ್ಟೇಶನ್‌ನ ಸೀಲು, ಸ್ಟಿಕರ್ ಎಲ್ಲ ಬೀಳುವುದು ಆ ಕಾಗದದ ಬೆನ್ನ ಮೇಲೆ. ಪ್ಲಾಸ್ಟಿಕ್ ಮೇಲೆ ಯಾರೂ ಸೀಲು ಹಾಕುವುದಿಲ್ಲ. ಆಗಲೇ ಮಾಡಿಸಿದ್ದರೆ ಬಿಡಿಸಲು ಹೋಗಿ ಹರಿದುಕೊಳ್ಳುವ ಬದಲು ಎರಡನೇ ಪ್ರತಿಗೆ ಅರ್ಜಿ ಹಾಕಿ.

ವಿಶ್ವವಿದ್ಯಾಲಯಕ್ಕೆ ಹೋದಾಗ ಒಂದು ಪತ್ರವನ್ನೂ ಕೇಳಿ ಪಡೆಯಿರಿ. ಅದರಲ್ಲಿ ನೀವು ರೆಗ್ಯುಲರ್ ಆಗಿ ಓದಿದ್ದು, ಯಾವ ಕಾಲೇಜು, ಯಾವ ಊರು, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಬೋಧನಾ ಮಾಧ್ಯಮ ಇಂಗ್ಲಿಷ್ ಅನ್ನುವುದು ಬರೆದಿರಬೇಕು. ಮೋಡ್ ಆಫ್ ಸ್ಟಡಿ ಲೆಟರ್ ಅಂದರೆ ಅಲ್ಲಿಯ ಗುಮಾಸ್ತರಿಗೆ ಅರ್ಥವಾಗುತ್ತದೆ. ಆಮೇಲೆ ಪರದೇಶದಲ್ಲಿ ಕೂತು ಇದನ್ನು ತರಿಸುವುದು ಬಹಳ ಕಷ್ಟ.

ಇನ್ನು ಅಟೆಸ್ಟೇಶನ್. ಮೊದಲು ರಾಜ್ಯದ ಶಿಕ್ಷಣ ಇಲಾಖೆಯ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯ. ಅಲ್ಲಿಂದ ಮುಂದೆ ದೇಶ ನೋಡಿ ದಾರಿ ಬೇರೆಯಾಗುತ್ತದೆ. ಒಮಾನ್, ಬಹ್ರೇನ್ ಮತ್ತು 2022ರ ಡಿಸೆಂಬರ್‌ನಿಂದ ಸೌದಿ ಅಪೊಸ್ಟಿಲ್ ಒಪ್ಪಂದದಲ್ಲಿವೆ, ಅಂದರೆ ಒಂದು ದೇಶ ದೃಢೀಕರಿಸಿದ ಕಾಗದವನ್ನು ಉಳಿದ ಸದಸ್ಯ ದೇಶಗಳು ಹಾಗೇ ಒಪ್ಪುವ ಒಪ್ಪಂದ. ಭಾರತ 2005ರಿಂದಲೂ ಇದೆ. ಹಾಗಾಗಿ ಈ ಮೂರು ದೇಶಗಳಿಗೆ ಸಚಿವಾಲಯದ ಅಪೊಸ್ಟಿಲ್ ಸ್ಟಿಕರ್ ಬಿದ್ದರೆ ರಾಯಭಾರ ಕಚೇರಿಗೆ ಹೋಗಬೇಕಿಲ್ಲ. ಯುಎಇ, ಕತಾರ್, ಕುವೈತ್‌ಗೆ ಹೋಗುವವರು ಸಚಿವಾಲಯದ ನಂತರ ಆ ದೇಶದ ರಾಯಭಾರ ಕಚೇರಿಯ ಸೀಲನ್ನೂ ಪಡೆಯಬೇಕು. ಅಲ್ಲಿಗೆ ಹೋದ ಮೇಲೆ ಆ ದೇಶದ ವಿದೇಶಾಂಗ ಇಲಾಖೆಯದು ಇನ್ನೊಂದು. ಹೊರಡುವ ಮುನ್ನ ಶಾಲೆಯ ಎಚ್‌ಆರ್‌ನಿಂದ ಯಾವ ಕಾಗದಕ್ಕೆ ಯಾವ ಸೀಲು ಬೇಕು ಅಂತ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಅದರ ಮೇಲೆ ಸಚಿವಾಲಯ ನೇಮಿಸಿದ ಏಜೆನ್ಸಿಯ ಸಣ್ಣ ಸೇವಾ ಶುಲ್ಕ ಇರುತ್ತದೆ. ಬೀದಿಯ ಏಜೆಂಟರು ಹೇಳುವ ಸಾವಿರಾರು ರೂಪಾಯಿಯಲ್ಲಿ ಬಹುಪಾಲು ಅವರ ಓಡಾಟದ ಕೂಲಿ. ಸಮಯವಿಲ್ಲದವರು ಕೊಡಲಿ, ತಪ್ಪಿಲ್ಲ. ಏನಕ್ಕೆ ಕೊಡುತ್ತಿದ್ದೇವೆ ಅಂತ ತಿಳಿದಿರಬೇಕು.

ಇದರ ಜೊತೆಗೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಬಹುದು, ಶುಲ್ಕ 500 ರೂಪಾಯಿ. ಪಾಸ್‌ಪೋರ್ಟ್‌ನಲ್ಲಿ ಇಸಿಆರ್ (ಕೆಲಸಕ್ಕೆ ಕೆಲವು ದೇಶಗಳಿಗೆ ಹೋಗುವ ಮುನ್ನ ಸರ್ಕಾರದ ಅನುಮತಿ ಬೇಕು ಅನ್ನುವ ಗುರುತು) ಅಂತ ಇದೆಯಾ ಅಂತಲೂ ನೋಡಿಕೊಳ್ಳಿ. ಹತ್ತನೇ ತರಗತಿ ಪಾಸಾದವರಿಗೆ ಅದು ಇರಬೇಕಿಲ್ಲ. ಹಳೆಯ ಪಾಸ್‌ಪೋರ್ಟ್‌ನಲ್ಲಿ ಉಳಿದಿದ್ದರೆ ತೆಗೆಸಿ.

ಹಂತ 7: ಹುಡುಕುವುದು ಯಾವಾಗ, ಎಲ್ಲಿ

ಇಂಡಿಯನ್ ಸ್ಕೂಲ್‌ಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ, ಬ್ರಿಟಿಷ್-ಅಮೆರಿಕನ್ ಶಾಲೆಗಳು ಆಗಸ್ಟ್ ಕೊನೆಯಲ್ಲಿ ಅಥವಾ ಸೆಪ್ಟೆಂಬರ್‌ನಲ್ಲಿ. ಏಪ್ರಿಲ್‌ನ ಕೆಲಸಕ್ಕೆ ನವೆಂಬರ್‌ನಿಂದಲೇ ಶಾಲೆಗಳ ಸ್ವಂತ ವೆಬ್‌ಸೈಟ್ ನೋಡುತ್ತಿರಿ.

ಶಾಲೆ ನಿಜವಾಗಿ ಇದೆಯಾ ಅಂತ ತಿಳಿಯುವುದು ಕಷ್ಟವಿಲ್ಲ. ಸಿಬಿಎಸ್‌ಇ ವೆಬ್‌ಸೈಟ್‌ನಲ್ಲಿ ವಿದೇಶದ ಶಾಲೆಗಳ ಪಟ್ಟಿ ಇದೆ. ದುಬೈ ಶಾಲೆಯಾದರೆ ಕೆಎಚ್‌ಡಿಎ, ಅಬುಧಾಬಿಗೆ ಅಡೆಕ್, ಶಾರ್ಜಾಗೆ ಸ್ಪಿಯಾ ಅನ್ನುವ ಪ್ರಾಧಿಕಾರಗಳ ಪಟ್ಟಿಯಲ್ಲಿ ಹೆಸರು ಹುಡುಕಿ. ಯುಎಇಯಲ್ಲಿ ಶಾಲೆ ನಿಮ್ಮನ್ನು ಆರಿಸಿದರೂ ಈ ಪ್ರಾಧಿಕಾರ ನಿಮ್ಮ ಅರ್ಹತೆಯನ್ನು ಒಪ್ಪಬೇಕು. ಹಿಂದಿನ ಹಂತದ ಕಾಗದಗಳನ್ನೆಲ್ಲ ನೋಡುವವರು ಇವರೇ.

ಏಜೆಂಟ್ ಮೂಲಕ ಹೋಗುವುದಾದರೆ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಅವರ ಲೈಸೆನ್ಸ್ ನಂಬರ್ ಇದೆಯಾ ನೋಡಿ. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಸರ್ಕಾರ 30,000 ರೂಪಾಯಿ ಮತ್ತು ಜಿಎಸ್‌ಟಿ ಅಂತ ಮಿತಿ ಹಾಕಿದೆ. "ವೀಸಾಗೆ ಒಂದೂವರೆ ಲಕ್ಷ" ಅಂದವರ ಹತ್ತಿರ ಕೂರಲೂಬೇಡಿ.

ಹಂತ 8: ಇಂಟರ್‌ವ್ಯೂ ಮತ್ತು ಡೆಮೊ

ವಿಡಿಯೋ ಕರೆಯಲ್ಲಿ ಹದಿನೈದು-ಇಪ್ಪತ್ತು ನಿಮಿಷದ ಡೆಮೊ ಪಾಠ ಕೇಳುತ್ತಾರೆ. ವ್ಯಾಕರಣದ ನಿಯಮ ಹೇಳಿ ಉದಾಹರಣೆ ಬರೆಸುವ ಪದ್ಧತಿಯನ್ನು ಮನೆಯಲ್ಲೇ ಬಿಟ್ಟುಹೋಗಿ. ಒಂದು ಸಣ್ಣ ಸಂದರ್ಭ ಕೊಡಿ, ಮಕ್ಕಳಿಂದ ವಾಕ್ಯ ಹೊರಡಿಸಿ, ಅರ್ಥವಾಯಿತಾ ಅಂತ ಕೇಳುವ ಬದಲು ಅರ್ಥವಾಗಿದ್ದರೆ ಮಾತ್ರ ಉತ್ತರಿಸಬಹುದಾದ ಪ್ರಶ್ನೆ ಕೇಳಿ. ನೋಡುವವರು ಗಮನಿಸುವುದು ಯಾರು ಜಾಸ್ತಿ ಮಾತಾಡುತ್ತಿದ್ದಾರೆ, ಟೀಚರ್ರೋ ಮಕ್ಕಳೋ ಅನ್ನುವುದನ್ನು.

ಕಾಲೇಜಿಗೋ ಅರಬ್ ಮಕ್ಕಳಿರುವ ಶಾಲೆಗೋ ಹೋಗುತ್ತಿದ್ದರೆ ಅರೇಬಿಕ್ ಬಗ್ಗೆ ನಾಲ್ಕು ವಿಷಯ ತಿಳಿದಿರಲಿ. ಅದರಲ್ಲಿ "ಪ" ಸದ್ದಿಲ್ಲ, ಹಾಗಾಗಿ ಪಾರ್ಕ್ "ಬಾರ್ಕ್" ಆಗುತ್ತದೆ. ಬಲದಿಂದ ಎಡಕ್ಕೆ ಬರೆಯುತ್ತಾರೆ. ಕ್ಯಾಪಿಟಲ್ ಅಕ್ಷರ ಇಲ್ಲ. "ಅವನು ಡಾಕ್ಟರ್" ಅನ್ನುವಂಥ ವಾಕ್ಯದಲ್ಲಿ, ನಮ್ಮ ಕನ್ನಡದಂತೆಯೇ, ಕ್ರಿಯಾಪದ ಬೇಕಿಲ್ಲ. ಅದಕ್ಕೇ "ಹಿ ಡಾಕ್ಟರ್" ಅಂತ ಬರೆಯುತ್ತಾರೆ. ಈ ತಪ್ಪು ಯಾಕೆ ಬರುತ್ತದೆ, ಹೇಗೆ ತಿದ್ದುತ್ತೀರಿ ಅಂತ ನೀವಾಗಿ ಹೇಳಿದರೆ ಇಂಟರ್‌ವ್ಯೂನ ದಿಕ್ಕೇ ಬದಲಾಗುತ್ತದೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ನಡೆದುಬಂದ ನಮಗೆ ಈ ತಪ್ಪುಗಳು ಒಳಗಿನಿಂದ ಅರ್ಥವಾಗುತ್ತವೆ. ಅದನ್ನು ಹೆಮ್ಮೆಯಿಂದ ಹೇಳಿ.

ಹಂತ 9: ಆಫರ್ ಬಂದ ಮೇಲೆ

ಒಟ್ಟು ಸಂಬಳ ನೋಡಿ ಖುಷಿಪಡುವ ಮೊದಲು ಬೇಸಿಕ್ ಎಷ್ಟು ನೋಡಿ. ಕೆಲಸ ಬಿಡುವಾಗ ಬರುವ ಗ್ರ್ಯಾಚುಯಿಟಿಗೆ ಯುಎಇಯಲ್ಲಿ ಬೇಸಿಕ್ಕೇ ಲೆಕ್ಕ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು. ಜುಲೈ-ಆಗಸ್ಟ್ ರಜೆಗೆ ಸಂಬಳ ಇದೆಯಾ, ಮನೆ ಅವರೇ ಕೊಡುತ್ತಾರಾ, ವರ್ಷಕ್ಕೊಮ್ಮೆ ವಿಮಾನ ಟಿಕೆಟ್ ಇದೆಯಾ, ನಿಮ್ಮ ಮಕ್ಕಳ ಫೀಸಿನಲ್ಲಿ ರಿಯಾಯಿತಿ ಎಷ್ಟು ಅಂತ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಇಂಡಿಯನ್ ಸ್ಕೂಲ್‌ಗಳ ಸಂಬಳ ಬ್ರಿಟಿಷ್ ಶಾಲೆಗಳಿಗಿಂತ ಬಹಳ ಕಡಿಮೆ. ಮನೆ ಬಾಡಿಗೆ ನೀವೇ ಕಟ್ಟಬೇಕಾದರೆ ಕೈಯಲ್ಲಿ ಉಳಿಯುವುದು ಸ್ವಲ್ಪವೇ.

ವಿಸಿಟ್ ವೀಸಾದಲ್ಲಿ ಹೋಗಿ ಪಾಠ ಶುರು ಮಾಡಿ, ಆಮೇಲೆ ಬದಲಾಯಿಸೋಣ ಅಂದರೆ ಒಪ್ಪಬೇಡಿ. ಅದು ಕಾನೂನುಬಾಹಿರ, ಸಿಕ್ಕಿಬಿದ್ದರೆ ತೊಂದರೆ ಅನುಭವಿಸುವವರು ನೀವು. ವೀಸಾಗೆ ಮುನ್ನ ಮೆಡಿಕಲ್ ಇರುತ್ತದೆ. ಬಹುಪಾಲು ಕಡೆ ವಾಫಿದ್ (ಹಿಂದಿನ ಹೆಸರು ಗಾಮ್ಕಾ) ಅನ್ನುವ, ಗಲ್ಫ್ ದೇಶಗಳು ಒಪ್ಪಿದ ಮೆಡಿಕಲ್ ಕೇಂದ್ರಗಳಲ್ಲಿ. ಕತಾರ್‌ಗೆ ಮಾತ್ರ ಮೆಡಿಕಲ್, ಬೆರಳಚ್ಚು ಎಲ್ಲ ಕತಾರ್ ವೀಸಾ ಸೆಂಟರ್‌ನಲ್ಲೇ. ನಮಗೆ ಹತ್ತಿರದವು ಕೊಚ್ಚಿ, ಚೆನ್ನೈ, ಹೈದರಾಬಾದ್.

ಗಂಡನ ವೀಸಾದಲ್ಲಿ ಆಗಲೇ ಅಲ್ಲಿರುವವರಿಗೆ ಒಂದು ಮಾತು. ಇಂಡಿಯನ್ ಸ್ಕೂಲ್‌ಗಳಲ್ಲಿ ಹೀಗೆ ಸೇರಿದ ಟೀಚರ್‌ಗಳು ಬಹಳ. ಶಾಲೆಗೆ ವೀಸಾ, ಮನೆ ಖರ್ಚು ಉಳಿಯುವುದರಿಂದ ಬೇಗ ತೆಗೆದುಕೊಳ್ಳುತ್ತಾರೆ, ಆ ನೆಪದಲ್ಲಿ ಸಂಬಳವನ್ನೂ ಕಡಿಮೆ ಹೇಳುತ್ತಾರೆ. ಅರ್ಹತೆ ಒಂದೇ ಆದರೆ ಬೇಸಿಕ್ ಕೂಡ ಒಂದೇ ಇರಬೇಕು ಅಂತ ಕೇಳುವ ಹಕ್ಕು ನಿಮಗಿದೆ, ಕೇಳಿ. ಗಂಡನ ವೀಸಾದಲ್ಲಿದ್ದರೂ ಕೆಲಸಕ್ಕೆ ಬೇರೆ ಪರವಾನಗಿ ಬೇಕೇಬೇಕು. ಅದನ್ನು ಶಾಲೆಯೇ ಮಾಡಿಸಿಕೊಡಬೇಕು, ಅದು ಕೈಗೆ ಬರುವ ತನಕ ತರಗತಿಗೆ ಕಾಲಿಡಬೇಡಿ.

ಸಂಜೆ ಟ್ಯೂಷನ್ ಮಾಡಿ ನಾಲ್ಕು ಕಾಸು ಕೂಡಿಸೋಣ ಅನ್ನುವವರಿಗೂ ಅಷ್ಟೇ. ಅನುಮತಿ ಇಲ್ಲದ ಟ್ಯೂಷನ್‌ಗೆ ದಂಡ ಇದೆ. ಯುಎಇ 2023ರ ಡಿಸೆಂಬರ್‌ನಿಂದ ಇದಕ್ಕೆಂದೇ ಪರವಾನಗಿ ಕೊಡುತ್ತಿದೆ. ಎರಡು ವರ್ಷದ್ದು, ಶುಲ್ಕವಿಲ್ಲ, ಶಾಲೆಯಲ್ಲಿ ಕೆಲಸದಲ್ಲಿರುವವರೂ ಹಾಕಬಹುದು.